ಪಂಚಾಯಿತಿ ಹೋಗಿ ಪಟ್ಟಣ ಬಂದರೆ ನಲ್ಲಿಯಲ್ಲಿ ಕಾವೇರಿ ಬರುತ್ತದೆಯೇ?

ಪ್ರಶ್ನೆ: ನಮ್ಮದು ಆನೇಕಲ್ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ. ನಾಲ್ಕು ಹಳ್ಳಿ ಸೇರಿ 2011ರ ಜನಗಣತಿಯಲ್ಲಿ ಹನ್ನೆರಡು ಸಾವಿರ ಜನ. ಕಾರ್ಖಾನೆ ಕೆಲಸಕ್ಕೆಂದು ಬಂದವರು, ಬಾಡಿಗೆಯವರು, ಅಪಾರ್ಟ್‌ಮೆಂಟಿನವರು ಎಲ್ಲ ಸೇರಿದರೆ ಈಗ ಮೂವತ್ತು ಸಾವಿರ ದಾಟಿದೆ ಎನ್ನುತ್ತಾರೆ. ನಮ್ಮನ್ನು ಪಟ್ಟಣ ಪಂಚಾಯಿತಿ ಮಾಡುತ್ತಾರಂತೆ. ಒಂದು ಗುಂಪಿನವರು ‘ಕಾವೇರಿ ನೀರು ಬರುತ್ತದೆ, ಒಳಚರಂಡಿ ಆಗುತ್ತದೆ, ಅನುಮೋದನೆಯಿಲ್ಲದ 11ಬಿ ನಿವೇಶನಗಳೆಲ್ಲ ಸಕ್ರಮವಾಗುತ್ತವೆ’ ಎನ್ನುತ್ತಿದ್ದಾರೆ. ಇನ್ನೊಂದು ಗುಂಪಿನವರು ‘ಕಂದಾಯ ನಾಲ್ಕು ಪಟ್ಟಾಗುತ್ತದೆ, ಹಸು ಕಟ್ಟುವುದಕ್ಕೂ ಬಿಡುವುದಿಲ್ಲ’ ಎಂದು ಆಕ್ಷೇಪಣೆಗೆ ಸಹಿ ಹಾಕಿಸಿಕೊಳ್ಳುತ್ತಿದ್ದಾರೆ. ನಮಗೆ ಮೂರು ಹಸು, ಒಂದೂವರೆ ಎಕರೆ ರಾಗಿ ಹೊಲ, ನಾಲ್ಕು ಬಾಡಿಗೆ ಮನೆ ಇವೆ. ಬಾಡಿಗೆ ಮನೆಗಳಿರುವ ನಿವೇಶನಕ್ಕೆ 11ಬಿ ಮಾತ್ರ ಇದೆ. ಮಗಳು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ. ನೀರು ಮೂರು ದಿನಕ್ಕೊಮ್ಮೆ ಬರುತ್ತದೆ. ನಮ್ಮ ಯಜಮಾನರು ಸಹಿ ಹಾಕಲೇ ಬೇಡವೇ ಎಂದು ಕೇಳುತ್ತಿದ್ದಾರೆ. ಏನು ಹೇಳಲಿ ಸರ್?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಎರಡು ಪ್ರಶ್ನೆ. ಊರಿಗೆ ಒಳ್ಳೆಯದಾಗುತ್ತದೆಯೇ ಎಂಬುದು ಒಂದು, ನಿಮ್ಮ ಮನೆಗೆ ಏನಾಗುತ್ತದೆ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಅಲ್ಲ. ನಾನು ಪೌರಾಡಳಿತ ಇಲಾಖೆಯಲ್ಲಿದ್ದವನು. ಹೊಸದಾಗಿ ಪಟ್ಟಣವಾದ ಎರಡು ಊರುಗಳಿಗೆ ಮೊದಲ ಮುಖ್ಯಾಧಿಕಾರಿಯಾಗಿ ಹೋಗಿದ್ದೆ. ಹಾಗಾಗಿ ನಿಮ್ಮ ಊರಿನ ಎರಡು ಗುಂಪಿನವರ ಮಾತನ್ನೂ ಬೇರೆ ಬೇರೆ ಬಾಯಿಗಳಲ್ಲಿ ಕೇಳಿದ್ದೇನೆ. ಇಬ್ಬರೂ ಅರ್ಧ ಸರಿ.

ಮೊದಲು ಜನಸಂಖ್ಯೆಯ ವಿಷಯ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಕರ್ನಾಟಕ ಪೌರಸಭೆಗಳ ಕಾಯ್ದೆ, 1964ರ ಪ್ರಕಾರ ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, ಇಪ್ಪತ್ತರಿಂದ ಐವತ್ತು ಸಾವಿರವಿದ್ದರೆ ಪುರಸಭೆ, ಅದಕ್ಕೂ ಮೇಲೆ ಮೂರು ಲಕ್ಷದವರೆಗೆ ನಗರಸಭೆ. ದುಡಿಯುವವರಲ್ಲಿ ಅರ್ಧದಷ್ಟಾದರೂ ಜನ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕೆಂಬ ಷರತ್ತೂ ಇದೆ. ನಿಮ್ಮ ಕಡೆ ಅದು ಎಂದೋ ಆಗಿಹೋಗಿದೆ. ಆದರೆ ‘ಜನಸಂಖ್ಯೆ’ ಎಂದರೆ ಕಾನೂನಿನ ಕಣ್ಣಲ್ಲಿ ಇಂದು ನಿಮ್ಮ ಬೀದಿಯಲ್ಲಿ ಓಡಾಡುವ ಜನರಲ್ಲ, ಕೊನೆಯದಾಗಿ ಪ್ರಕಟವಾದ ಜನಗಣತಿಯ ಅಂಕಿ. ನಿಮ್ಮ ಮಟ್ಟಿಗೆ ಅದು 2011ರ ಹನ್ನೆರಡು ಸಾವಿರ. ಮೂವತ್ತು ಸಾವಿರ ಜನ ಕಸ ಹಾಕುತ್ತಾರೆ, ನೀರು ಕುಡಿಯುತ್ತಾರೆ. ಹುದ್ದೆ ಮತ್ತು ಅನುದಾನ ಮಾತ್ರ ಹನ್ನೆರಡು ಸಾವಿರಕ್ಕೆ ಬರುತ್ತವೆ. ಏಳುನೂರು ಜನರಿಗೆ ಒಬ್ಬ ಪೌರಕಾರ್ಮಿಕ ಎಂಬುದು ನಮ್ಮ ರಾಜ್ಯದ ಲೆಕ್ಕ. ಹನ್ನೆರಡು ಸಾವಿರಕ್ಕೆ ಎಷ್ಟಾಯಿತು? ಹದಿನೇಳು. ಮೂವತ್ತು ಸಾವಿರ ಜನರ ಊರನ್ನು ಹದಿನೇಳು ಮಂದಿ ಗುಡಿಸಬೇಕು. ಆ ಹದಿನೇಳು ಹುದ್ದೆಯೂ ಮೊದಲ ದಿನವೇ ಭರ್ತಿಯಾಗಿರುವುದಿಲ್ಲ.

ಇನ್ನು ಕಾವೇರಿ. ಬೆಂಗಳೂರಿನ ಸುತ್ತಮುತ್ತ ಅತಿ ಹೆಚ್ಚು ಓಡುವ ಭರವಸೆ ಇದು. ಇದನ್ನು ನಂಬಿ ಕೈ ಎತ್ತಿದವರು ಲೆಕ್ಕವಿಲ್ಲ. ಊರಿನ ದರ್ಜೆಗೂ ಕಾವೇರಿಗೂ ನೇರ ಸಂಬಂಧವಿಲ್ಲ. ಬೆಂಗಳೂರಿಗೆ ಕಾವೇರಿ ತರುವುದು ಜಲಮಂಡಳಿ. ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ, ಮೇಲಕ್ಕೆತ್ತಿ, ನೂರು ಕಿಲೋಮೀಟರ್‌ನಷ್ಟು ದೂರ ತರುವ ಆ ನೀರು ಯಾವ ಪ್ರದೇಶಕ್ಕೆ ಹೋಗಬೇಕೆಂಬುದು ಯೋಜನೆ ಮಾಡುವಾಗಲೇ ತೀರ್ಮಾನವಾಗಿರುತ್ತದೆ. ಪಟ್ಟಣ ಪಂಚಾಯಿತಿಯಾದ ಮಾತ್ರಕ್ಕೆ ಜಲಮಂಡಳಿ ನಿಮ್ಮ ಊರಿಗೆ ಕಾಲಿಡುವುದಿಲ್ಲ. ಸಣ್ಣ ಪಟ್ಟಣಗಳಿಗೆ ನೀರಿನ ಕಾಮಗಾರಿ ಮಾಡುವುದು ಬೇರೊಂದು ಸಂಸ್ಥೆ, ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಅದು ಕಟ್ಟಿಕೊಟ್ಟ ಮೇಲೆ ನಡೆಸುವ ಹೊಣೆ ಪಟ್ಟಣದ್ದೇ. ಮೂಲದಲ್ಲಿ ನೀರಿಲ್ಲದಿದ್ದರೆ ಯಾವ ಮಂಡಳಿಯಾದರೂ ಕೊಳವೆಬಾವಿಯನ್ನೇ ನೆಚ್ಚಿಕೊಳ್ಳಬೇಕು.

ನೇರವಾಗಿ ಮಹಾನಗರಕ್ಕೇ ಸೇರಿದವರ ಕಥೆ ನೋಡಿ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಹಳೆಯ ಪಾಲಿಕೆಯ ಜೊತೆಗೆ ಬೊಮ್ಮನಹಳ್ಳಿ, ದಾಸರಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ರಾಜರಾಜೇಶ್ವರಿನಗರ, ಬ್ಯಾಟರಾಯನಪುರ, ಯಲಹಂಕ ಎಂಬ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, ಅದರ ಮೇಲೆ 110 ಹಳ್ಳಿಗಳು ಸೇರಿದವು. ಆ 110 ಹಳ್ಳಿಗಳಿಗೆಂದೇ ಮುಖ್ಯವಾಗಿ ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಲೆಕ್ಕ ಹಾಕಿ, ಹದಿನೇಳು ವರ್ಷ. ಆ ವರ್ಷ ಹುಟ್ಟಿದ ಮಗು ಟ್ಯಾಂಕರ್ ನೀರಿನಲ್ಲೇ ಬೆಳೆದು ಪಿಯುಸಿ ಮುಟ್ಟಿತ್ತು. ಕಂದಾಯ ಮಾತ್ರ ಆ ಹದಿನೇಳು ವರ್ಷವೂ ಪಾಲಿಕೆಗೇ ಹೋಯಿತು. ಹಾಗೆಂದು ಪಾಲಿಕೆಗೆ ಸೇರಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಸೇರದಿದ್ದರೆ ಐದನೇ ಹಂತದ ಪಟ್ಟಿಯಲ್ಲಿ ಆ ಹಳ್ಳಿಗಳ ಹೆಸರೇ ಇರುತ್ತಿರಲಿಲ್ಲ. ದರ್ಜೆ ಬದಲಾದರೆ ನೀವು ನಿಲ್ಲುವ ಸರತಿ ಬದಲಾಗುತ್ತದೆ. ಸರತಿ ಎಷ್ಟು ಉದ್ದವಿದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ನಿಮ್ಮ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಮನೆಮನೆಗೆ ನಲ್ಲಿ ಹಾಕುವ ಜಲ ಜೀವನ್ ಮಿಷನ್ ಗ್ರಾಮೀಣ ಪ್ರದೇಶದ ಯೋಜನೆ. ನಗರಗಳಿಗೆ ಇರುವುದು ಅಮೃತ್. ನಿಮ್ಮ ಊರಿನಲ್ಲಿ ಜಲ ಜೀವನ್ ಪೈಪು ಅರ್ಧ ಹಾಕಿ ಬಿಟ್ಟಿದ್ದರೆ, ಮಧ್ಯದಲ್ಲಿ ದರ್ಜೆ ಬದಲಾದಾಗ ಆ ಕಾಮಗಾರಿಯನ್ನು ಯಾರು ಮುಗಿಸಬೇಕು ಎಂಬ ಪ್ರಶ್ನೆ ಎರಡು ಇಲಾಖೆಗಳ ನಡುವೆ ಕಡತವಾಗಿ ಓಡಾಡಲು ಶುರುವಾಗುತ್ತದೆ. ಅಗೆದ ಬೀದಿ ಹಾಗೆಯೇ ಇರುತ್ತದೆ. ಈಗಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಬಳಿ ಹೋಗಿ, ಯಾವ ಕಾಮಗಾರಿ ಯಾವ ಹಂತದಲ್ಲಿದೆ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ನಾನು ಮೊದಲ ಸಲ ಅಧಿಕಾರ ವಹಿಸಿಕೊಂಡ ಊರಿನಲ್ಲಿ ಪಂಚಾಯಿತಿಯಿಂದ ನನಗೆ ಹಸ್ತಾಂತರವಾದದ್ದು ಎರಡು ಬೀರು, ಒಂದು ಟ್ರ್ಯಾಕ್ಟರ್, ಬೆಸ್ಕಾಂಗೆ ಕಟ್ಟಬೇಕಾದ ದೊಡ್ಡದೊಂದು ಬಾಕಿ ಮತ್ತು ಒಬ್ಬ ನೀರುಗಂಟಿ. ಬಾಕಿ ಎಂದರೆ ಕೊಳವೆಬಾವಿ ಮೋಟಾರು ಮತ್ತು ಬೀದಿದೀಪದ್ದು. ನೀರುಗಂಟಿಗೆ ಐವತ್ತೈದು ದಾಟಿತ್ತು. ಊರಿನ ವಾಲ್ವುಗಳೆಲ್ಲ ಅವನ ತಲೆಯಲ್ಲಿದ್ದವು, ಕಾಗದದಲ್ಲಿ ಒಂದೂ ಇರಲಿಲ್ಲ. ಒಂದು ದಿನ ಬೆಳಗ್ಗೆ ಐದು ಗಂಟೆಗೆ ಅವನ ಹಿಂದೆ ಹೊರಟೆ. ಹೆಗಲ ಮೇಲೆ ಕಬ್ಬಿಣದ ಉದ್ದನೆಯ ಕೀಲಿ. ಮಾರಮ್ಮನ ಗುಡಿ ಹಿಂದಿನ ಕಲ್ಲು ಸರಿಸಿ ಎರಡು ಸುತ್ತು ತಿರುಗಿಸಿದ, ‘ಇದು ಮೇಲಿನ ಬೀದಿ ಸರ್, ಮೂರನೇ ಸುತ್ತು ತಿರುಗಿಸಿದರೆ ಕೆಳಗಿನವರಿಗೆ ಹೋಗುವುದಿಲ್ಲ’ ಎಂದ. ಮನೆ ಕಂದಾಯದ ಹಳೆಯ ವಹಿಯೊಂದರ ಹಿಂಬದಿಯಲ್ಲಿ ನಾನು ನಕ್ಷೆ ಬರೆದುಕೊಂಡೆ. ಹನ್ನೊಂದು ವಾಲ್ವು. ಆ ನಕ್ಷೆ ಇಲ್ಲದೆ ಹೋಗಿದ್ದರೆ, ಅವನು ಒಂದು ವಾರ ರಜೆ ಹಾಕಿದರೆ ಊರು ಬಾಯಾರಿ ಸಾಯುತ್ತಿತ್ತು. ಅವನ ನೇಮಕಕ್ಕೆ ಜಿಲ್ಲಾ ಪಂಚಾಯಿತಿಯ ಅನುಮೋದನೆ ಇರಲಿಲ್ಲ. ಪಂಚಾಯಿತಿ ಇದ್ದಾಗ ಸಂಗ್ರಹವಾದ ಕಂದಾಯದಲ್ಲೇ ಹೇಗೋ ಸಂಬಳ ಕೊಡುತ್ತಿದ್ದರು. ಪಟ್ಟಣವಾದ ಮೇಲೆ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಕೊಡುವುದು ಎಂದು ಕೇಳಿ ಬರೆದ ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಐದು ತಿಂಗಳಾಗಿತ್ತು. ಆ ಐದು ತಿಂಗಳೂ ಅವನು ಸಂಬಳವಿಲ್ಲದೆ ನೀರು ಬಿಟ್ಟ. ನಿಮ್ಮ ಊರಿನಲ್ಲಿ ಕಸದ ಸ್ವಚ್ಛ ವಾಹಿನಿ ಓಡಿಸುವುದು ಸ್ವಸಹಾಯ ಸಂಘದ ಹೆಣ್ಣುಮಕ್ಕಳಾಗಿದ್ದರೆ ಅವರ ಗತಿ ಏನು ಎಂದೂ ಈಗಲೇ ಕೇಳಿಟ್ಟುಕೊಳ್ಳಿ. ಆ ಸಂಘಗಳ ಸಂಜೀವಿನಿ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡಿರುವುದು ಗ್ರಾಮ ಪಂಚಾಯಿತಿ. ಪಟ್ಟಣಕ್ಕೆ ಅದನ್ನು ಮುಂದುವರಿಸಲೇಬೇಕೆಂಬ ಕಟ್ಟುಪಾಡಿಲ್ಲ.

ಈ ಮಧ್ಯಂತರವೇ ನಿಜವಾದ ತೊಂದರೆ. ಅಧಿಸೂಚನೆ ಬಂದ ದಿನ ಪಂಚಾಯಿತಿ ಇಲ್ಲವಾಗುತ್ತದೆ. ಹೊಸ ಪಟ್ಟಣಕ್ಕೆ ವಾರ್ಡುಗಳನ್ನು ವಿಂಗಡಿಸಬೇಕು, ಮೀಸಲಾತಿ ಪಟ್ಟಿ ಮಾಡಬೇಕು, ಅದಕ್ಕೆ ಯಾರೋ ನ್ಯಾಯಾಲಯಕ್ಕೆ ಹೋಗುತ್ತಾರೆ, ಚುನಾವಣೆ ಮುಂದಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ಸಾಮಾನ್ಯವಾಗಿ ತಹಶೀಲ್ದಾರರೋ ಉಪವಿಭಾಗಾಧಿಕಾರಿಯೋ ಆಡಳಿತಾಧಿಕಾರಿ. ಅವರಿಗೆ ತಮ್ಮ ಸ್ವಂತ ಕೆಲಸವೇ ಬೇಕಾದಷ್ಟು. 2007ರಲ್ಲಿ ಪಾಲಿಕೆಗೆ ಸೇರಿದ ನಗರಸಭೆಗಳ ಜನ ತಮ್ಮ ಮೊದಲ ಸದಸ್ಯನನ್ನು ಆರಿಸಿದ್ದು 2010ರ ಮಾರ್ಚ್‌ನಲ್ಲಿ. ಅದೇ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರಲ್ಲಿ ಪಾಲಿಕೆಯೇ ಐದು ಹೋಳಾಗುವವರೆಗೂ ಇನ್ನೊಂದು ಚುನಾವಣೆ ನಡೆಯಲಿಲ್ಲ. ಮಹಾನಗರದ್ದೇ ಹೀಗಿರುವಾಗ ಸಣ್ಣ ಪಟ್ಟಣದ ಚುನಾವಣೆಗೆ ಯಾರಿಗೆ ಅವಸರ? ಕೇಂದ್ರ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಮಂಡಳಿ ಇರಬೇಕೆಂಬ ಷರತ್ತು ಇರುವುದರಿಂದ, ಚುನಾವಣೆ ತಡವಾದಷ್ಟೂ ಹಣವೂ ತಡವಾಗುತ್ತದೆ.

ಇನ್ನೊಂದನ್ನು ಯಾರೂ ಕರಪತ್ರದಲ್ಲಿ ಬರೆಯುವುದಿಲ್ಲ. ಪಟ್ಟಣವಾದ ದಿನ ಗ್ರಾಮಸಭೆ ಇಲ್ಲವಾಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ನಾನೂರು ಜನರಿಗೆ ಒಬ್ಬ ಸದಸ್ಯ. ನಿಮ್ಮ ಹನ್ನೆರಡು ಸಾವಿರಕ್ಕೆ ಸುಮಾರು ಮೂವತ್ತು ಜನ. ಪಟ್ಟಣ ಪಂಚಾಯಿತಿಯಲ್ಲಿ ಸದಸ್ಯರು ಇದಕ್ಕಿಂತ ಬಹಳ ಕಡಿಮೆ, ಅವರು ಪಕ್ಷದ ಚಿಹ್ನೆಯ ಮೇಲೆ ಗೆದ್ದವರು. ಮನೆ ಇಲ್ಲದವರ ಪಟ್ಟಿಯನ್ನು ಈಗ ಗ್ರಾಮಸಭೆಯಲ್ಲಿ ಎಲ್ಲರೆದುರು ಓದುತ್ತಾರೆ. ಯಾರದೋ ಹೆಸರು ಕೇಳಿ ಹಿಂದಿನ ಸಾಲಿನಿಂದ ‘ಅವರಿಗೆ ಮೂರಂತಸ್ತಿದೆ’ ಎಂದು ಒಬ್ಬರು ಕೂಗುತ್ತಾರೆ. ಆ ಕೂಗು ಆಡಳಿತದ ಭಾಷೆಯಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆಯ ಅರ್ಧ ಭಾಗ. ಪಟ್ಟಣದಲ್ಲಿ ಅದೇ ಪಟ್ಟಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಗೆ ಹೋಗುತ್ತದೆ. ಸಭೆ ಎಂದು ನಡೆಯಿತು ಎಂಬುದೇ ನಿಮಗೆ ತಿಳಿಯುವುದಿಲ್ಲ. ಗ್ರಾಮಸಭೆಗಳು ನೆಟ್ಟಗೆ ನಡೆಯುತ್ತವೆಯೇ ಎಂದು ನೀವು ಕೇಳಬಹುದು. ಎಷ್ಟೋ ಕಡೆ ಇಲ್ಲ. ಆದರೂ ಕೇಳುವ ಹಕ್ಕು ಕಾನೂನಿನಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ. ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಿಗೆ ಮಾತ್ರ. ನೀವು ಹಳ್ಳಿಯೂ ಅಲ್ಲದ, ಅಷ್ಟು ದೊಡ್ಡ ನಗರವೂ ಅಲ್ಲದ ನಡುವಿನ ಜಾಗದಲ್ಲಿ ಸಿಕ್ಕಿಕೊಳ್ಳುತ್ತೀರಿ.

ಈಗ ಕಂದಾಯಕ್ಕೆ ಬರೋಣ. ‘ನಾಲ್ಕು ಪಟ್ಟು’ ಎಂಬುದಕ್ಕೆ ಆಧಾರವಿಲ್ಲ. ‘ಏರುವುದಿಲ್ಲ’ ಎಂಬುದೂ ಸುಳ್ಳು. ಪಟ್ಟಣದಲ್ಲಿ ಆಸ್ತಿ ತೆರಿಗೆಯನ್ನು ನೀವೇ ಘೋಷಿಸಿ ಕಟ್ಟಬೇಕು. ಅದರ ಲೆಕ್ಕ ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ಬೆಲೆಗೆ ಗಂಟು ಹಾಕಿಕೊಂಡಿದೆ. ಆನೇಕಲ್ ಕಡೆ ಮಾರ್ಗಸೂಚಿ ಬೆಲೆ ಎಲ್ಲಿಗೆ ಹೋಗಿದೆ ಎಂಬುದು ನಿಮಗೇ ಗೊತ್ತು. ನಿಮ್ಮ ವಾಸದ ಮನೆಗೆ ಏರಿಕೆ ತಾಳುವಂತಿರುತ್ತದೆ, ನಾಲ್ಕು ಬಾಡಿಗೆ ಮನೆಗೆ ಚುರುಕು ಮುಟ್ಟುತ್ತದೆ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ, ತಡವಾದರೆ ತಿಂಗಳಿಗೆ ಶೇ. 2 ದಂಡ. ಪಂಚಾಯಿತಿಯಲ್ಲಿ ಮೂರು ವರ್ಷದ ಕಂದಾಯವನ್ನು ಒಟ್ಟಿಗೆ ಕಟ್ಟುವ ಅಭ್ಯಾಸವಿದ್ದರೆ ಬಿಡಬೇಕಾಗುತ್ತದೆ. ಬೇಸಾಯದಲ್ಲಿರುವ ರಾಗಿ ಹೊಲಕ್ಕೆ ಆಸ್ತಿ ತೆರಿಗೆ ಬರುವುದಿಲ್ಲ, ಪಹಣಿ ಕಂದಾಯ ಇಲಾಖೆಯಲ್ಲೇ ಉಳಿಯುತ್ತದೆ. ಒಂದು ತಮಾಷೆಯ ವಿಷಯ: ಮುದ್ರಾಂಕ ಶುಲ್ಕದ ಮೇಲಿನ ಸರ್‌ಚಾರ್ಜು ಹಳ್ಳಿಯಲ್ಲಿ ಶೇ. 3, ನಗರದಲ್ಲಿ ಶೇ. 2. ಪಟ್ಟಣವಾದರೆ ನೋಂದಣಿ ಕೂದಲೆಳೆಯಷ್ಟು ಅಗ್ಗ. ಮಾರ್ಗಸೂಚಿ ಬೆಲೆ ಏರಿದರೆ ಆ ಕೂದಲೆಳೆ ಎಲ್ಲಿ ಹೋಯಿತೆಂದು ಹುಡುಕಬೇಕು, ಅಷ್ಟೇ.

ಹೊಲದ ವಿಷಯದಲ್ಲಿ ಕಂದಾಯಕ್ಕಿಂತ ದೊಡ್ಡ ಎರಡು ಸಂಗತಿಗಳಿವೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಗ್ರಾಮೀಣ ಜಮೀನಿನ ಮಾರುಕಟ್ಟೆ ಬೆಲೆಯನ್ನು ಒಂದರಿಂದ ಎರಡರವರೆಗಿನ ಅಂಕಿಯಿಂದ ಗುಣಿಸಿ ಪರಿಹಾರ ಲೆಕ್ಕ ಹಾಕುತ್ತಾರೆ; ನಗರ ಪ್ರದೇಶದಲ್ಲಿ ಆ ಅಂಕಿ ಒಂದೇ. ನಿಮ್ಮ ಹೊಲದ ಪಕ್ಕ ರಸ್ತೆಯ ಗುರುತಿನ ಕಲ್ಲು ನೆಟ್ಟಿದ್ದರೆ, ದರ್ಜೆ ಬದಲಾಗುವ ದಿನಾಂಕ ನಿಮಗೆ ಲಕ್ಷಗಳ ಪ್ರಶ್ನೆ. ಎರಡನೆಯದು ಆದಾಯ ತೆರಿಗೆ. ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಪೌರಸಂಸ್ಥೆಯ ಗಡಿಯೊಳಗಿನ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭದ ತೆರಿಗೆ ಬರುತ್ತದೆ. ಗಡಿಯ ಹೊರಗಿದ್ದರೂ ಊರಿನ ಗಾತ್ರ ನೋಡಿ ಎರಡು, ಆರು ಅಥವಾ ಎಂಟು ಕಿಲೋಮೀಟರಿನೊಳಗೆ ಬಂದರೆ ಅದೇ ಗತಿ. ಹತ್ತು ಲಕ್ಷ ದಾಟಿದ ನಗರಕ್ಕೆ ಎಂಟು ಕಿಲೋಮೀಟರ್. ನಿಮ್ಮ ಹೊಲ ಬೆಂಗಳೂರಿನ ಗಡಿಯಿಂದ ಅಷ್ಟರೊಳಗಿದ್ದರೆ ಈ ತೆರಿಗೆ ಈಗಾಗಲೇ ತಲೆಯ ಮೇಲಿದೆ, ಪಟ್ಟಣವಾದರೆ ಹೊಸದಾಗಿ ಬರುವುದೇನಿಲ್ಲ. ಜಮೀನು ಮಾರುವ ಯೋಚನೆ ಇದ್ದರೆ ಮಾತ್ರ ಲೆಕ್ಕಪರಿಶೋಧಕರೊಬ್ಬರನ್ನು ಕಾಣಿ.

11ಬಿ ಬಗ್ಗೆ ಜನ ಮೋಸ ಹೋಗುವುದು ಹೆಚ್ಚು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಎ ಇದ್ದರೆ ಆಸ್ತಿಗೆ ಬೇಕಾದ ಪರಿವರ್ತನೆ, ನಕ್ಷೆ ಅನುಮೋದನೆ ಆಗಿದೆ ಎಂದರ್ಥ. 11ಬಿ ಎಂದರೆ ಆಗಿಲ್ಲ ಎಂದು. ಪಟ್ಟಣಕ್ಕೆ ಬಂದಾಗ ಇ-ಆಸ್ತಿಯಲ್ಲಿ ಮೊದಲನೆಯ ಬಗೆಗೆ ಸಿಗುವುದು ನಮೂನೆ 3, ಎರಡನೆಯ ಬಗೆಗೆ ಬಿ-ಖಾತೆ. ಅಂದರೆ ‘ಬಿ’ ಹೋಗಿ ‘ಬಿ’ಯೇ ಬರುತ್ತದೆ, ಕಾಗದದ ಬಣ್ಣ ಬದಲಾಗುತ್ತದೆ. ಬಿ-ಖಾತೆಯಿಂದ ನಿಮ್ಮಿಂದ ತೆರಿಗೆ ಪಡೆಯಬಹುದು; ಕಟ್ಟಡ ಸಕ್ರಮವಾಯಿತು ಎಂದು ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ. ‘ಪಟ್ಟಣವಾಗುವ ಮೊದಲು ಈಗಲೇ ಖಾತೆ ಮಾಡಿಸಿಕೊಡುತ್ತೇನೆ’ ಎಂದು ಹಣ ಕೇಳಿಕೊಂಡು ಬರುವವರಿದ್ದಾರೆ. ಬಾಗಿಲಲ್ಲೇ ನಿಲ್ಲಿಸಿ. ನಾನು ಎರಡನೇ ಊರಿನಲ್ಲಿ ತೆರೆದ ಬೇಡಿಕೆ ವಹಿಯಲ್ಲಿ ಕೊನೆಯ ಹದಿನೈದು ದಿನದಲ್ಲಿ ನೂರಾರು ಹೊಸ ಖಾತೆಗಳು ಹುಟ್ಟಿದ್ದವು. ಎರಡು ಸಾಲುಗಳ ನಡುವೆ ಬೇರೆ ಶಾಯಿಯಲ್ಲಿ ತುರುಕಿದ ಹೆಸರುಗಳು. ಒಂದು ಪುಟದಲ್ಲಿ ಕೆರೆಯ ಅಂಚಿನ ಸರ್ವೆ ನಂಬರಿನಲ್ಲಿ ಹತ್ತೊಂಬತ್ತು ನಿವೇಶನ. ಅವನ್ನೆಲ್ಲ ತನಿಖೆಗೆ ಕಳಿಸಿದೆ. ಹಣ ಕೊಟ್ಟವರು ವರ್ಷಗಟ್ಟಲೆ ನನ್ನ ಕಚೇರಿಯ ಬೆಂಚಿನ ಮೇಲೆ ಕೂತರು. ಅವರಲ್ಲಿ ಬಹುತೇಕರು ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು. ಹಣ ತೆಗೆದುಕೊಂಡವನು ಅಷ್ಟು ಹೊತ್ತಿಗೆ ಚುನಾವಣೆಗೆ ನಿಂತಿದ್ದ.

ಹಸು ಕಟ್ಟಬಾರದೆಂಬ ನಿಯಮವಿಲ್ಲ. ಡೈರಿಯೂ ಮುಚ್ಚುವುದಿಲ್ಲ, ಅದು ಸಹಕಾರ ಸಂಘ, ಪಂಚಾಯಿತಿಯದ್ದಲ್ಲ. ಸಗಣಿ ಮೋರಿಗೆ ಹೋದರೆ ಆರೋಗ್ಯ ನಿರೀಕ್ಷಕರು ಬರುತ್ತಾರೆ, ಅಪಾರ್ಟ್‌ಮೆಂಟಿನವರು ದೂರು ಕೊಡುತ್ತಾರೆ. ಆ ಜಗಳ ಈಗಲೂ ಇದ್ದೇ ಇರುತ್ತದೆ. ಬೆಸ್ಕಾಂ, ಸರ್ಕಾರಿ ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ ಇವು ಯಾವುವೂ ಬದಲಾಗುವುದಿಲ್ಲ. ಒಳಚರಂಡಿ ಬರುವುದು ಬಹಳ ತಡ; ಅಲ್ಲಿಯವರೆಗೆ ಗುಂಡಿಯೇ, ಸಕ್ಕಿಂಗ್ ಲಾರಿಯೇ. ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸ ಮಾತ್ರ ನಿಂತೇ ನಿಲ್ಲುತ್ತದೆ. ನಿಮ್ಮ ಬೀದಿಯಲ್ಲಿ ಅದನ್ನು ನೆಚ್ಚಿರುವ ಎರಡು ಮನೆಯವರಾದರೂ ಇರಬಹುದು. ಅವರ ಬಾಕಿ ಕೂಲಿ ಏನಿದ್ದರೂ ಈಗಲೇ ಕೇಳಲಿ.

ಹಾಗಾದರೆ ಪಟ್ಟಣವಾದರೆ ಒಳ್ಳೆಯದೇನೂ ಇಲ್ಲವೇ? ಇದೆ. ಪಂಚಾಯಿತಿಗೆ ಒಬ್ಬ ಪಿಡಿಒ, ಜೊತೆಗೆ ಬೆರಳೆಣಿಕೆಯ ಸಿಬ್ಬಂದಿ. ಮೂವತ್ತು ಸಾವಿರ ಜನರ ಊರನ್ನು ಅವರಿಂದ ನಡೆಸಲು ಆಗುವುದಿಲ್ಲ, ಆಗುತ್ತಲೂ ಇಲ್ಲ. ಪಟ್ಟಣಕ್ಕೆ ಎಂಜಿನಿಯರ್, ಆರೋಗ್ಯ ನಿರೀಕ್ಷಕ, ಕಂದಾಯ ನಿರೀಕ್ಷಕರ ಹುದ್ದೆಗಳು ಮಂಜೂರಾಗುತ್ತವೆ. ನಿಮ್ಮಲ್ಲಿ ಕಾರ್ಖಾನೆ, ಅಪಾರ್ಟ್‌ಮೆಂಟ್ ಇರುವುದರಿಂದ ಸ್ವಂತ ತೆರಿಗೆ ಆದಾಯ ಚೆನ್ನಾಗಿ ಬರುತ್ತದೆ, ಅದು ಊರಿನಲ್ಲೇ ಖರ್ಚಾಗುತ್ತದೆ. ಹೆಬ್ಬಗೋಡಿ, ಚಂದಾಪುರ, ಬೊಮ್ಮಸಂದ್ರ, ಜಿಗಣಿ ಎಲ್ಲವೂ ಒಂದು ಕಾಲಕ್ಕೆ ಗ್ರಾಮ ಪಂಚಾಯಿತಿಗಳೇ. ಅಲ್ಲಿ ನಿಮ್ಮ ಸಂಬಂಧಿಕರಿದ್ದರೆ ಅಧಿಕಾರಿಗಳನ್ನು ಬಿಟ್ಟು ಅವರನ್ನೇ ಕೇಳಿ: ಪಟ್ಟಣವಾದ ಎಷ್ಟನೇ ವರ್ಷಕ್ಕೆ ಚುನಾವಣೆಯಾಯಿತು, ಕಸದ ಗಾಡಿ ಯಾವಾಗ ದಿನಾ ಬರತೊಡಗಿತು, ನೀರಿಗೆ ಈಗ ಎಷ್ಟು ದಿನದ ಸರದಿ. ಅವರ ಮನೆಯ ಪಡಸಾಲೆಯಲ್ಲಿ ಕೂತು ಕಾಫಿ ಕುಡಿಯುವಾಗ ಸಿಗುವ ಮಾಹಿತಿ ನನ್ನ ಉತ್ತರಕ್ಕಿಂತ ಮೇಲು.

ನಿಮ್ಮ ಊರಿನವರ ಮುಂದಿರುವ ದಾರಿಗಳನ್ನು ನಾನು ನೋಡುವ ಬಗೆ ಹೀಗೆ. ಗ್ರಾಮ ಪಂಚಾಯಿತಿಯಾಗಿಯೇ ಉಳಿಯಬಹುದು. ಇದರಲ್ಲಿ ಗ್ರಾಮೀಣ ಸೌಲಭ್ಯಗಳು ಉಳಿಯುತ್ತವೆ, ಗ್ರಾಮಸಭೆ ಉಳಿಯುತ್ತದೆ. ಕಸ, ಚರಂಡಿ ಕೈಮೀರುತ್ತವೆ. ಅಪಾಯ ಇರುವುದು ಇನ್ನೊಂದು ಕಡೆ: ಬೆಂಗಳೂರು ಪಾಲಿಕೆಯನ್ನು ಐದಾಗಿ ಒಡೆದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಸುತ್ತಲಿನ ಪ್ರದೇಶಗಳನ್ನು ಸೇರಿಸಿಕೊಳ್ಳಲು ಬಾಗಿಲು ತೆರೆದಿಟ್ಟಿದೆ. ಇಂದು ಪಟ್ಟಣ ಬೇಡವೆಂದವರು ನಾಳೆ ನೇರವಾಗಿ ಮಹಾನಗರದ ಅಂಚಿನ ಒಂದು ವಾರ್ಡಾಗಬಹುದು. ಪಕ್ಕದ ಪುರಸಭೆಗೋ ನಗರಸಭೆಗೋ ಸೇರುವುದು ಎರಡನೆಯ ದಾರಿ. ಅಲ್ಲಿ ಸಿಬ್ಬಂದಿ, ಗಾಡಿ, ಕಚೇರಿ ಎಲ್ಲ ಈಗಾಗಲೇ ಇರುವುದರಿಂದ ಮಧ್ಯಂತರದ ನರಳಾಟ ಕಡಿಮೆ. ಆದರೆ ನಿಮ್ಮ ಕಾರ್ಖಾನೆಗಳ ತೆರಿಗೆ ಅವರ ಖಜಾನೆಗೆ ಹೋಗುತ್ತದೆ, ನೀವು ಕೊನೆಯ ಬಡಾವಣೆಯಾಗುತ್ತೀರಿ. ಬೆಂಗಳೂರಿನ ಐದು ಪಾಲಿಕೆಗಳಲ್ಲಿ ಒಂದಕ್ಕೆ ಸೇರುವುದಾದರೆ ನೀರಿನ ದೊಡ್ಡ ಸರತಿಯಲ್ಲಿ ಹೆಸರು ಬರೆಸಿದಂತಾಗುತ್ತದೆ. 110 ಹಳ್ಳಿಯ ಹದಿನೇಳು ವರ್ಷವನ್ನು ನೆನಪಿಟ್ಟುಕೊಂಡು ಸೇರಬೇಕು. ಸ್ವಂತ ಪಟ್ಟಣವಾಗುವುದರಲ್ಲಿ ತೆರಿಗೆಯೂ ನಿಮ್ಮದು, ತಪ್ಪೂ ನಿಮ್ಮದು. ನನ್ನನ್ನು ಕೇಳಿದರೆ, ಕಾರ್ಖಾನೆಯ ಆದಾಯವಿರುವ ಊರು ಸ್ವಂತ ಪಟ್ಟಣವಾಗುವುದೇ ಮೇಲು, ಮೊದಲ ಮೂರು ನಾಲ್ಕು ವರ್ಷ ಹಲ್ಲು ಕಚ್ಚಿ ತಾಳುವುದಾದರೆ. ಇದು ನನ್ನ ಅಭಿಪ್ರಾಯ. ನನ್ನ ಜೊತೆ ಕೆಲಸ ಮಾಡಿದವರಲ್ಲೇ ಇದನ್ನು ಒಪ್ಪದವರಿದ್ದಾರೆ.

ಯಜಮಾನರು ಸಹಿ ಹಾಕಬೇಕೇ? ಅಧಿಸೂಚನೆಯ ಕರಡು ಹೊರಬಂದ ಮೇಲೆ ಆಕ್ಷೇಪಣೆ, ಸಲಹೆಗಳಿಗೆ ಗಡುವು ಇರುತ್ತದೆ, ಸಾಮಾನ್ಯವಾಗಿ ಮೂವತ್ತು ದಿನ. ಅದಕ್ಕೂ ಮೊದಲು ಸಂಗ್ರಹಿಸಿದ ಸಹಿಗಳು ಫೋಟೊ ತೆಗೆಸಿಕೊಳ್ಳುವುದಕ್ಕೆ ಮಾತ್ರ ಬೇಕು. ‘ನಮಗೆ ಪಟ್ಟಣ ಬೇಡ’ ಎಂಬ ಒಂದು ಸಾಲಿನ ಅರ್ಜಿಗೆ ಒಂದು ಸಾಲಿನ ತಿರಸ್ಕಾರ ಸಿಗುತ್ತದೆ. ತೀರ್ಮಾನ ಸರ್ಕಾರದ್ದು, ಗ್ರಾಮಸಭೆಯ ಒಪ್ಪಿಗೆಗೆ ಅದು ಕಾಯುವುದಿಲ್ಲ. ಜಿಲ್ಲಾಧಿಕಾರಿಗಳಿಗೆ ಬರೆಯುವುದಾದರೆ ಅವರು ಉತ್ತರಿಸಲೇಬೇಕಾದ ಪ್ರಶ್ನೆ ಬರೆಯಿರಿ: ಅರ್ಧಕ್ಕೆ ನಿಂತ ನೀರಿನ ಕಾಮಗಾರಿ ಯಾರ ಹೊಣೆ, ನೀರುಗಂಟಿ ಮತ್ತು ಕಸದ ಗಾಡಿಯ ಹೆಣ್ಣುಮಕ್ಕಳ ಸಂಬಳ ಯಾವ ಲೆಕ್ಕದಿಂದ, ಗ್ರಾಮಸಭೆ ಆರಿಸಿದ ವಸತಿ ಪಟ್ಟಿ ಮುಂದುವರಿಯುತ್ತದೆಯೇ, ಗಡಿಯೊಳಗೆ ಯಾವ ಯಾವ ಸರ್ವೆ ನಂಬರು. ಅಂಥ ಅರ್ಜಿಯಾದರೆ ಯಜಮಾನರ ಜೊತೆಗೆ ನೀವೂ ಸಹಿ ಹಾಕಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ಅದೇ ಓಡಾಟದಲ್ಲಿ ಪಂಚಾಯಿತಿಯಿಂದ ನಿಮ್ಮ ಆಸ್ತಿಯ ನಮೂನೆಗಳ ದೃಢೀಕೃತ ಪ್ರತಿ, ಕಳೆದ ವರ್ಷಗಳ ಕಂದಾಯ ರಸೀದಿ, ನೀರಿನ ಸಂಪರ್ಕದ ರಸೀದಿ ತೆಗೆದಿಟ್ಟುಕೊಳ್ಳಿ. ಬೀರುಗಳು ಸ್ಥಳಾಂತರವಾಗುವಾಗ ಕಡತಗಳು ದಾರಿ ತಪ್ಪುತ್ತವೆ.

ಕೊನೆಗೆ ಮಗಳ ವಿಷಯ. ನೀವು ಅದನ್ನು ಸುಮ್ಮನೆ ಒಂದು ಮಾತಾಗಿ ಬರೆದಿದ್ದೀರಿ, ನನಗೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ವೃತ್ತಿಪರ ಕೋರ್ಸುಗಳ ಸಿಇಟಿ ಪ್ರವೇಶದಲ್ಲಿ ಶೇ. 15, ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಶೇ. 25 ಗ್ರಾಮೀಣ ಅಭ್ಯರ್ಥಿಗಳಿಗೆ ಮೀಸಲು. ಅದಕ್ಕೆ ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಪಟ್ಟಣ ಪಂಚಾಯಿತಿ ಎಂದು ಅಧಿಸೂಚಿತವಾದ ಜಾಗ ಗ್ರಾಮೀಣವಲ್ಲ. ಅವಳು ಹತ್ತನೇ ತರಗತಿ ಮುಗಿಸುವುದರೊಳಗೆ ಅಧಿಸೂಚನೆ ಜಾರಿಯಾದರೆ ಒಂಬತ್ತು ವರ್ಷದ ಓದು ಲೆಕ್ಕಕ್ಕೆ ಬರದೆ ಹೋಗಬಹುದು. ಮುಖ್ಯೋಪಾಧ್ಯಾಯರಿಂದ ಇಲ್ಲಿಯವರೆಗಿನ ವರ್ಷಗಳ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಹಾಕಿಸಿ. ನಿಮ್ಮ ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಅಧಿಸೂಚನೆ ಶೈಕ್ಷಣಿಕ ವರ್ಷದ ನಡುವೆ ಬಾರದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಜಾರಿಗೆ ಬರಲಿ ಎಂದು. ಊರಿನ ಆ ಶಾಲೆಯಲ್ಲಿ ನಿಮ್ಮ ಮಗಳೊಬ್ಬಳೇ ಓದುತ್ತಿಲ್ಲ. ಎರಡೂ ಗುಂಪಿನವರ ಮಕ್ಕಳು ಅಲ್ಲೇ ಇರುವುದರಿಂದ ಈ ಸಾಲಿಗೆ ಎರಡೂ ಕಡೆಯವರ ಸಹಿ ಸಿಗುತ್ತದೆ.